ಕ್ಷಮಿಸುವ ಅಧಿಕಾರವು ಯಾರದು?

ಬಳ್ಳಾರಿ ನಗರದಲ್ಲಿ ಜೀನ್ಸ್ ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿಯೂ, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿಯೂ, ಕುರುಗೋಡಿನ ಕಡೆಯ ಹತ್ತಿ ಮೆಣಸಿನಕಾಯಿ ಹೊಲಗಳಲ್ಲಿಯೂ ಅನೇಕ ಸ್ತ್ರೀಯರು ದುಡಿದು ಮನೆ ನಡಿಸುತ್ತಾರೆ. ಇಂಥವಳೊಬ್ಬಳನ್ನು ಮೇಸ್ತ್ರಿಯು ಕೆಟ್ಟ ಮನಸ್ಸಿನಿಂದ ಮುಟ್ಟಿದರೆ ಅಥವಾ ಹೊಲಸು ಮಾತಾಡಿದರೆ, ಹಿರಿಯರು ನಾಲ್ವರು ಕೂಡಿ, ಅವನಿಂದ ಕೆಲವು ರೂಪಾಯಿ ಕೊಡಿಸಿ, “ಕ್ಷಮಿಸಿಬಿಡಮ್ಮಾ, ಮಾನ ಬೀದಿಗೆ ಬರಬಾರದು” ಎಂದು ಹೇಳಿ ಕಳುಹಿಸುವದುಂಟು. ಇದು ಸಮಾಧಾನವಾಯಿತೋ?

ಕ್ಷಮೆಯು ದೊಡ್ಡ ಗುಣವೆಂಬದರಲ್ಲಿ ಸಂದೇಹವಿಲ್ಲ. ಆದರೆ ಸಾಲವನ್ನು ಬಿಟ್ಟುಕೊಡುವ ಅಧಿಕಾರವು ಕೊಟ್ಟವನಿಗೆ ಉಂಟೇ ಹೊರತು ನೆರೆಯವನಿಗೆ ಇಲ್ಲ. ಹಾಗೆಯೇ ನೊಂದವಳು ಮನಃಪೂರ್ವಕವಾಗಿ ಕೊಟ್ಟದ್ದೇ ಕ್ಷಮೆ. ಬೇರೆಯವರು ಆಕೆಯ ಬಾಯಿ ಮುಚ್ಚಿಸಿ ಕೊಡಿಸಿದ್ದು ಎರಡನೆಯ ಅನ್ಯಾಯ.

ನಮ್ಮ ದೇಶದ ಕಾಯಿದೆಯೂ ಇದನ್ನೇ ಹೇಳುತ್ತದೆ. 1992ರಲ್ಲಿ ರಾಜಸ್ಥಾನದ ಹಳ್ಳಿಯೊಂದರಲ್ಲಿ ಬಾಲ್ಯವಿವಾಹವನ್ನು ತಡೆಯುವ ಕೆಲಸದಲ್ಲಿದ್ದ ಭಂವರೀದೇವಿಯವರು ತಮ್ಮ ಮೇಲೆ ಬಲಾತ್ಕಾರವಾಯಿತೆಂದು ದೂರು ಕೊಟ್ಟರು. 1995ರಲ್ಲಿ ಕೆಳಗಿನ ನ್ಯಾಯಾಲಯವು ಆರೋಪಿಗಳನ್ನು ಆ ಅಪರಾಧದಿಂದ ಬಿಡುಗಡೆ ಮಾಡಿತು. ಆದರೂ ಆಕೆಯ ಮಾತು ವ್ಯರ್ಥವಾಗಲಿಲ್ಲ; ಆ ಸಂಗತಿಯ ನಿಮಿತ್ತವೇ 1997ರಲ್ಲಿ ಸರ್ವೋಚ್ಚ ನ್ಯಾಯಾಲಯದ ವಿಶಾಖಾ ತೀರ್ಪೂ, ತರುವಾಯ 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಕಾಯಿದೆಯೂ ಬಂದವು.

ಈ ಕಾಯಿದೆಯ ಪ್ರಕಾರ 10 ಅಥವಾ ಹೆಚ್ಚು ಕೆಲಸಗಾರರು ಇರುವಲ್ಲಿ ಮಾಲಿಕನು ಆಂತರಿಕ ಸಮಿತಿಯನ್ನು ನೇಮಿಸತಕ್ಕದ್ದು. ಕಡಿಮೆ ಜನರಿದ್ದರೆ, ಅಥವಾ ದೂರು ಮಾಲಿಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಯು ವಿಚಾರಿಸುತ್ತದೆ. ತಾಲೂಕಿನ ನೋಡಲ್ ಅಧಿಕಾರಿಯು ದೂರನ್ನು ತೆಗೆದುಕೊಂಡು 7 ದಿನಗಳೊಳಗೆ ಅದಕ್ಕೆ ಕಳುಹಿಸಬೇಕು. ದೂರನ್ನು 3 ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಬರೆಯಲಾರದವಳಿಗೆ ಬರೆಯಲು ಸಹಾಯಮಾಡುವದು ಸಮಿತಿಯ ಕರ್ತವ್ಯ. ಆಕೆಯ ಹೆಸರನ್ನು ಪ್ರಕಟಿಸಕೂಡದು. ಸಾಕ್ಷಿ ಸಾಲದೆಹೋದ ಮಾತ್ರಕ್ಕೆ ಆಕೆಗೆ ಶಿಕ್ಷೆಯಿಲ್ಲ. ಪೊಲೀಸರ ಬಳಿಗೂ ಹೋಗಬಹುದು. ರಾಜಿಯಾದರೋ ನೊಂದವಳು ತಾನೇ ಕೇಳಿಕೊಂಡರೆ ಮಾತ್ರ ನಡೆಯತಕ್ಕದ್ದು. ಹಣವು ಆ ರಾಜಿಗೆ ಆಧಾರವಾಗಕೂಡದು. ತಪ್ಪು ಸ್ಥಿರಪಟ್ಟ ಮೇಲೆ ನಷ್ಟಪರಿಹಾರ ಕೊಡಿಸುವದು ಬೇರೆ ಮಾತು.

“ದೂರುವದು ಹಗೆಯಲ್ಲವೇ?” ಎಂದು ಕೆಲವರು ಕೇಳಾರು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡಿಸಿದ ಅಧಿಕಾರಿಗಳು ಪೌಲನನ್ನು ಗುಟ್ಟಾಗಿ ಕಳುಹಿಸಿಬಿಡಲು ನೋಡಿದಾಗ ಅವನು ಒಪ್ಪದೆ, ಅವರೇ ಬಂದು ತಮ್ಮನ್ನು ಹೊರಗೆ ಕರಕೊಂಡು ಹೋಗಲಿ ಅಂದನು. ಆದರೂ ಅದರ ಹಿಂದಿನ ರಾತ್ರಿಯಲ್ಲಿ ಸೆರೆಯ ಯಜಮಾನನ ಪ್ರಾಣವನ್ನು ಉಳಿಸಿದವನು ಅವನೇ. ಆದಕಾರಣ ನ್ಯಾಯ ಕೇಳುವದೂ ಹಗೆಯಿಲ್ಲದಿರುವದೂ ಒಂದೇ ಹೃದಯದಲ್ಲಿ ಇರಬಲ್ಲವು.

ಕೂಲಿ ತಪ್ಪೀತೆಂಬ ಭಯವು ಸುಳ್ಳಲ್ಲ. ವಿಚಾರಣೆಯ ಕಾಲದಲ್ಲಿ ಆಕೆಯು ಕೇಳಿಕೊಂಡರೆ ಸಮಿತಿಯು 3 ತಿಂಗಳ ವರೆಗೆ ರಜೆಯನ್ನಾಗಲಿ ಬೇರೆ ಕಡೆಗೆ ವರ್ಗವನ್ನಾಗಲಿ ಶಿಫಾರಸು ಮಾಡಬಹುದು. ಮಿಕ್ಕದ್ದು ನಮ್ಮ ಪಾಲಿನದು. ಹಿರಿಯರು ಆಕೆಯ ಸಂಗಡ ತಾಲೂಕಿಗೆ ಹೋಗಲಿ. ಕಂಡವರು ಕಂಡದ್ದನ್ನು ಹೇಳಲಿ. ಒಲೆ ಉರಿಯದ ದಿನ ನೆರೆಯವರು ಅಕ್ಕಿ ಕೊಡಲಿ. ತರುವಾಯ ಕ್ಷಮಿಸುವದೋ ಬಿಡುವದೋ ಆಕೆಯ ಇಷ್ಟಕ್ಕೆ ಸೇರಿದ್ದು.