ಇಂದಿನ ಚಿಂತನೆ: ಹಾರುವವನ ಖುಷಿ ಯಾರದು?



ಬೆಂಗಳೂರಿನ ಜಕ್ಕೂರಿನಲ್ಲಿ ಸಣ್ಣ ವಿಮಾನ ಹಾರಿಸಲು ಕಲಿಸುವ ಸರ್ಕಾರಿ ಶಾಲೆಯಿದೆ. ಹಾರುವ ಮುಂಚೆ ಪೈಲಟ್ ತಾನೇ ವಿಮಾನಕ್ಕೆ ಒಂದು ಸುತ್ತು ಬರಬೇಕು. ಟೈರು ಮುಟ್ಟಿ, ಆಯಿಲ್ ಕಡ್ಡಿ ಎಳೆದು, ಟ್ಯಾಂಕಿನ ಅಡಿಯಿಂದ ಸ್ವಲ್ಪ ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿದು ನೋಡುತ್ತಾನೆ. ನೀರು ಸೇರಿದ್ದರೆ ತಳದಲ್ಲಿ ಕೂತಿರುತ್ತದೆ. ಅದು ಎಂಜಿನ್ನಿಗೆ ಹೋದರೆ ಆಕಾಶದಲ್ಲಿ ಗಾಡಿ ಪಕ್ಕಕ್ಕೆ ಹಾಕಲು ಜಾಗವೆಲ್ಲಿ? ಭಗವಾನರು ಹೇಳಿದ ಅಪ್ಪಮಾದ, ಅಂದರೆ ಎಚ್ಚರ, ಇದೇ.

ಹಾಗಾದರೆ ಹಾರುವ ಖುಷಿ ತೃಷ್ಣೆಯೇ? ‘ನನ್ನ ವಿಮಾನ’ ಎಂಬ ಹಮ್ಮು ಖಂಡಿತ ತೃಷ್ಣೆ. ಕೆಲಸ ಸರಿಯಾಗಿದೆ ಎಂಬ ನೆಮ್ಮದಿ ಬೇರೆ. ಅದರಲ್ಲಿ ರಿಪೇರಿಯವನಿಗೂ ಪಾಲಿದೆ.

2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯುವವರೆಗೂ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದವರು ನಾವು. ಹಿನ್ನೀರಿನ ಫೋಟೋ ಎಲ್ಲರೂ ತೆಗೆದೆವು. ಎಂಜಿನ್ ನೋಡಿಕೊಳ್ಳುವವರ ಮುಖ ಎಷ್ಟು ಜನಕ್ಕೆ ನೆನಪಿದೆ? ಗ್ರೀಸ್ ಮೆತ್ತಿದ ಕೈ ಕೀಳೆಂದು ಕಲಿಸಿದ್ದು ಜಾತಿ. ಅದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಮೇಲುಕೀಳಾಗಿ ಹಂಚಿತು ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು. ವಿಮಾನದ ಹತ್ತಿರ ಆ ಲೆಕ್ಕ ನಡೆಯದು. ರಿಪೇರಿಯಾದ ಮೇಲೆ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕದೆ, ಮಾಲೀಕ ಎಷ್ಟೇ ಶ್ರೀಮಂತನಿರಲಿ, ವಿಮಾನ ಏಳುವಂತಿಲ್ಲ.

ಖಾಸಗಿ ಪೈಲಟ್ ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, 40 ಗಂಟೆ ಹಾರಿರಬೇಕು. ನಿಯಮ ಜಾತಿ ಕೇಳುವುದಿಲ್ಲ, ಆದರೆ ಖರ್ಚು ನಮ್ಮ ಮನೆಗಳಿಗೆ ಎಟುಕದು (ಇದನ್ನೂ ಚರ್ಚಿಸೋಣ). ವಿಮಾನ ರಿಪೇರಿಯ ಎಂಜಿನಿಯರ್ ಕೋರ್ಸೂ ಇದೆ. ಬೈಕ್ ಬಿಚ್ಚಿ ಜೋಡಿಸುವ, ಪಿಯುಸಿ ವಿಜ್ಞಾನ ಓದುವ ಮಕ್ಕಳಿಗೆ ಇವತ್ತೇ ತಿಳಿಸಿ.

ಭವತು ಸಬ್ಬ ಮಂಗಲಂ.