ಮೂರನೆಯವರ ಪಾಲು

ಬೆಲೆ ಕಟ್ಟುವುದು ನಮಗೆ ಹೆಂಗಸರಿಗೆ ಹೊಸ ವಿದ್ಯೆಯೇನಲ್ಲ. ಸಂತೆಯಲ್ಲಿ ಬದನೆಕಾಯಿಯ ತೊಟ್ಟು ನೋಡಿದರೆ ಸಾಕು, ಅದು ಇವತ್ತು ಕಿತ್ತದ್ದೋ ನಿನ್ನೆಯದೋ ಹೇಳಿಬಿಡುತ್ತೇವೆ. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೂಲು ಎಣಿಸುತ್ತೇವೆ. ಹಳೆಯ ಹಿತ್ತಾಳೆ ಪಾತ್ರೆಯನ್ನು ತೂಕಕ್ಕೆ ಹಾಕುವಾಗ ತಕ್ಕಡಿಯ ಮುಳ್ಳಿನ ಮೇಲಿನ ಕಣ್ಣು ತೆಗೆಯುವುದಿಲ್ಲ. ಕೊಡುವವನಿಗೆ ತೀರ ನಷ್ಟವಾಗಬಾರದು, ನಮಗೆ ಮೋಸವಾಗಬಾರದು. ಈ ಎರಡರ ನಡುವೆ ಎಲ್ಲೋ ಒಂದು ಕಡೆ ನ್ಯಾಯವಾದ ಬೆಲೆ ಇರುತ್ತದೆ ಎಂದು ನಂಬಿ ಬದುಕಿದವರು ನಾವು. ಆದರೆ ಒಬ್ಬ ಹೆಣ್ಣುಮಗಳು ಎದುರಿಗೆ ಕುಳಿತು, “ಒಂದು ಹಳೇ ರಿವಾಲ್ವರಿಗೆ ನ್ಯಾಯದ ಬೆಲಿ ಎಷ್ಟು?” ಎಂದು ಕೇಳಿದರೆ ಈ ವಿದ್ಯೆ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ?

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ನನ್ನ ಮುಂದೆ ಬಂತು. ಭೋಜದ ಪಕ್ಕದ ಊರಿನ ಆ ತಾಯಿಯ ಗಂಡ ತೀರಿಕೊಂಡಿದ್ದರು. ಹೊಲದಲ್ಲಿ ಒಂಟಿ ಮನೆ, ಕಬ್ಬಿನ ಬಿಲ್ಲು ಬಂದಾಗ ಕೈಯಲ್ಲಿ ಹಣ. ಹಾಗಾಗಿ ಪರವಾನಗಿ ಪಡೆದು ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಒಂದು ಪಾಯಿಂಟ್ 32 ಬೋರಿನ ರಿವಾಲ್ವರ್ ಇಟ್ಟುಕೊಂಡಿದ್ದರು. ಪರವಾನಗಿ ಇರುವುದು ವ್ಯಕ್ತಿಗೆ, ಮನೆತನಕ್ಕಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ, ಪರವಾನಗಿದಾರ ತೀರಿಕೊಂಡರೆ ಆಯುಧವನ್ನು ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿ ಇರುವ ವ್ಯಾಪಾರಿಯ ಹತ್ತಿರವಾಗಲಿ ಜಮಾ ಮಾಡಬೇಕು. ಆಮೇಲೆ ವಾರಸುದಾರರು ತಾವೇ ಪರವಾನಗಿ ಪಡೆದು ಅದನ್ನು ಬಿಡಿಸಿಕೊಳ್ಳಬಹುದು, ಇಲ್ಲವೆ ಅರ್ಹತೆ ಇದ್ದವರಿಗೆ ಮಾರಬಹುದು. ಗೊತ್ತುಪಡಿಸಿದ ಅವಧಿಯಲ್ಲಿ ಎರಡೂ ಆಗದಿದ್ದರೆ ಅದು ಸರ್ಕಾರದ ಪಾಲಾಗುತ್ತದೆ. ಆಕೆ ಜಮಾ ಮಾಡಿದ್ದರು. ಮಾರಬೇಕೆಂದಿದ್ದರು. ಮಗಳ ಕಾಲೇಜಿನ ಫೀ ಕಟ್ಟುವುದಿತ್ತು.

“ಬಾಯಾರ, ಈ ಕಾಗದಾ ಓದಿ ಹೇಳ್ರಿ. ಇಬ್ಬರು ಕೇಳಾಕತ್ಯಾರ. ಒಬ್ಬರು ಹೆಚ್ಚಿಗಿ ಕೊಡ್ತೀನಿ ಅಂತಾರ, ಒಬ್ಬರು ಕಮ್ಮಿ. ನೀವು ಯಾವುದು ನ್ಯಾಯ ಅಂತೀರಿ ಅದಕ್ಕ ಕೊಡ್ತೀನಿ” ಎಂದರು ಆಕೆ. ಕಮ್ಮಿ ಕೇಳಿದವರು ಆಯುಧದ ವ್ಯಾಪಾರಿ. ಹೆಚ್ಚು ಕೇಳಿದವನು ಗಂಡನ ದೊಡ್ಡಪ್ಪನ ಮಗ. ಅವನಿಗೆ ಪರವಾನಗಿ ಇತ್ತು. ಇಬ್ಬರ ಮಾತಿನ ನಡುವೆ 40 ಸಾವಿರ ರೂಪಾಯಿಯ ಅಂತರ.

ಇದರಲ್ಲಿ ಇನ್ನೊಂದು ತೊಡಕಿತ್ತು. ಗಂಡ ಆ ರಿವಾಲ್ವರನ್ನು ಇದ್ದಂತೆ ಬಿಟ್ಟಿರಲಿಲ್ಲ. ಹಿಡಿಕೆಗೆ ಒಳ್ಳೆಯ ಕಟ್ಟಿಗೆ ಹಾಕಿಸಿದ್ದರು, ಮೇಲೆ ಬೆಳ್ಳಿಯಂತೆ ಹೊಳೆಯುವ ಲೇಪ ಕೊಡಿಸಿದ್ದರು. ಒಳಗಿನ ಸ್ಪ್ರಿಂಗು ಬದಲಿಸಿ ಟ್ರಿಗರ್ ಹಗುರ ಮಾಡಿಸಿದ್ದರು. ಯಾರ ಕೈಯಲ್ಲಿ ಮಾಡಿಸಿದ್ದರೋ ಆಕೆಗೆ ತಿಳಿಯದು. “ಅಪ್ಪ ಅದಕ್ಕ ಸುರಿದ ರೊಕ್ಕಾನೂ ಬೆಲಿಯೊಳಗ ಹಿಡೀಬೇಕು” ಎಂಬುದು ಮಗನ ವಾದ.

ಮಗನ ಈ ಮಾತಿಗೆ ಉತ್ತರ ಬಂಗಾರದ ಅಂಗಡಿಯಲ್ಲಿದೆ. ಹಳೆಯ ಸರ ಮಾರಲು ಹೋದಾಗ ಅಕ್ಕಸಾಲಿಗ ಮೊದಲು ಹರಳು ಬಿಡಿಸುತ್ತಾನೆ, ಅರಗು ತೆಗೆಯುತ್ತಾನೆ, ಉಳಿದ ಬಂಗಾರವನ್ನಷ್ಟೇ ತೂಗುತ್ತಾನೆ. ಮಾಡಿಸುವಾಗ ನಾವು ಕೊಟ್ಟ ಮಜೂರಿ ತಿರುಗಿ ಬರುವುದಿಲ್ಲ. ನಮ್ಮ ಇಷ್ಟಕ್ಕೆ ತಕ್ಕಂತೆ ಮಾಡಿಸಿಕೊಂಡದ್ದರ ಸುಖವನ್ನು ನಾವಾಗಲೇ ಉಂಡಿದ್ದೇವೆ. ಅದರ ಖರ್ಚನ್ನು ಮುಂದಿನವರು ಏಕೆ ಕೊಡಬೇಕು? ಮನೆ ಮಾರುವವರು ವಾಸ್ತುವಿಗಾಗಿ ಬಾಗಿಲು ಒಡೆಸಿ ಬೇರೆ ಕಡೆ ಇಡಿಸಿದ ಖರ್ಚನ್ನು ಬೆಲೆಗೆ ಸೇರಿಸಿದರೆ ಕೊಳ್ಳುವವರು ನಗುತ್ತಾರೆ. ನಾನು ಮಾಡಿದ ಖರ್ಚು ಬೇರೆ, ವಸ್ತುವಿನ ಬೆಲೆ ಬೇರೆ. ನೆನಪಿಗೆ ಬೆಲೆಯಿದೆ ನಿಜ, ಆದರೆ ಅದನ್ನು ಕೊಳ್ಳುವವನಿಂದ ವಸೂಲು ಮಾಡಲು ಬರುವುದಿಲ್ಲ.

ಹಿಡಿಕೆಯದೂ ಹೊಳಪಿನದೂ ಇಷ್ಟಕ್ಕೆ ಮುಗಿಯಿತು. ಸ್ಪ್ರಿಂಗಿನ ಮಾತು ಅಷ್ಟು ಸರಳವಲ್ಲ. ರಿವಾಲ್ವರಿನ ಟ್ರಿಗರ್ ಬಿಗಿಯಾಗಿರುವುದು ಕಾರ್ಖಾನೆಯವರ ಉದಾಸೀನದಿಂದಲ್ಲ. ಎಳೆಯುವವನಿಗೆ ‘ನಾನು ಎಳೆಯುತ್ತಿದ್ದೇನೆ’ ಎಂಬ ಅರಿವು ಬೆರಳಿನಲ್ಲಿ ಮೂಡಲಿ ಎಂದು ಅದನ್ನು ಹಾಗಿಟ್ಟಿರುತ್ತಾರೆ. ಹಗುರ ಮಾಡಿದಷ್ಟೂ ಗುರಿ ನೇರವಾಗಬಹುದು, ಆದರೆ ನಡುಗುವ ಕೈಗೂ ಮಗುವಿನ ಕೈಗೂ ಅದು ಅಷ್ಟೇ ಬೇಗ ಬಗ್ಗುತ್ತದೆ. ಇನ್ನು ಹ್ಯಾಮರಿನ ಸ್ಪ್ರಿಂಗನ್ನೇ ಸಡಿಲಿಸಿದರೆ ತೋಟಾದ ಹಿಂಬದಿಗೆ ಬೀಳುವ ಏಟು ಮೆತ್ತಗಾಗಿ, ಬೇಕಾದ ಹೊತ್ತಿನಲ್ಲಿ ಗುಂಡು ಹಾರದೆಯೂ ಹೋಗಬಹುದು. ಗೊತ್ತಿದ್ದವರು ಹಳೆಯ ರಿವಾಲ್ವರ್ ಕೊಳ್ಳುವಾಗ ಹೊಳಪನ್ನು ನೋಡುವುದಿಲ್ಲ. ನಳಿಕೆಯ ಒಳಗಿನ ಸುರುಳಿ ಗೆರೆಗಳು ಸವೆದಿವೆಯೇ, ಗುಂಡು ತುಂಬುವ ಸಿಲಿಂಡರ್ ಅಲುಗಾಡುತ್ತದೆಯೇ, ತಿರುಗಿದಾಗ ನಳಿಕೆಗೆ ಸರಿಯಾಗಿ ಕೂಡುತ್ತದೆಯೇ, ಮೈಮೇಲಿನ ಗುರುತಿನ ಸಂಖ್ಯೆ ಕಾಗದದಲ್ಲಿದ್ದಂತೆಯೇ ಇದೆಯೇ ಎಂದು ನೋಡುತ್ತಾರೆ. ಎತ್ತಿನ ಕೋಡಿಗೆ ಬಣ್ಣ ಹಚ್ಚಿದ್ದನ್ನು ಬಿಟ್ಟು ಬಾಯಿ ತೆರೆದು ಹಲ್ಲು ನೋಡುವ ನಮ್ಮ ರೈತರ ಹಾಗೆ.

ಕಾಯಿದೆಯೂ ಈ ವಿಷಯದಲ್ಲಿ ಸಡಿಲವಾಗಿಲ್ಲ. ಆಯುಧವನ್ನು ತಯಾರಿಸುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲ, ದುರಸ್ತಿ ಮಾಡುವ ಮತ್ತು ಮಾರ್ಪಡಿಸುವ ವ್ಯಾಪಾರಕ್ಕೂ ಪರವಾನಗಿ ಬೇಕು. ಗುರುತಿನ ಸಂಖ್ಯೆ ಅಳಿಸುವುದು ಅಪರಾಧ. ಒಬ್ಬ ಪರವಾನಗಿದಾರ ಇನ್ನೊಬ್ಬನಿಗೆ ತನ್ನ ಆಯುಧ ಮಾರಬೇಕೆಂದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಾಯಬೇಕು. ಸಂತೆಯಲ್ಲಿ ಯಾವ ವಸ್ತುವಿಗೂ ಇಲ್ಲದ ಈ ಕಾಯುವಿಕೆ ಇದಕ್ಕೇಕೆ? ಇದು ಇಬ್ಬರು ಕೈ ಕುಲುಕಿ ಮುಗಿಸುವ ವ್ಯಾಪಾರವಲ್ಲ ಎಂದು ಕಾನೂನಿಗೆ ಗೊತ್ತಿದೆ.

ಭೋಜ ಎಂದರೆ ಈ ಭಾಗದವರಿಗೆ ಮೊದಲು ನೆನಪಾಗುವುದು ಎರಡು. ಒಂದು, ವೇದಗಂಗಾ ದೂಧಗಂಗಾ ನದಿಗಳ ಕೂಡು. ಇನ್ನೊಂದು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆಚಾರ್ಯ ಶಾಂತಿಸಾಗರರು. ಅವರು ಬೆಳೆದ ಊರಿದು. ಇಲ್ಲಿಯ ಜೈನ ರೈತರ ಮನೆಗಳಲ್ಲಿ ಶ್ರಾವಕರ ವ್ರತಗಳ ಮಾತು ಊಟ ತಿಂಡಿಯ ಮಾತಿನಷ್ಟು ಸಹಜವಾಗಿ ಬರುತ್ತದೆ. ಅಚೌರ್ಯ ಎಂದರೆ ಕದಿಯಬಾರದು ಎಂದಷ್ಟೇ ಅರ್ಥವಲ್ಲ. ಸುಳ್ಳು ತೂಕ, ಸುಳ್ಳು ಅಳತೆ, ಒಂದರ ಬದಲು ಅದರಂತೆ ಕಾಣುವ ಇನ್ನೊಂದನ್ನು ಕೊಡುವುದು, ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು, ಇವೆಲ್ಲ ತತ್ತ್ವಾರ್ಥಸೂತ್ರದ ಪ್ರಕಾರ ಆ ವ್ರತಕ್ಕೆ ತಗಲುವ ದೋಷಗಳು. ಒಳಗೆ ಸ್ಪ್ರಿಂಗು ಬದಲಿಸಿದ ರಿವಾಲ್ವರನ್ನು ಕಾರ್ಖಾನೆಯಿಂದ ಬಂದಂತೆ ತೋರಿಸಿ ಮಾರಿದರೆ ಅದು ಈ ಸಾಲಿಗೇ ಸೇರುತ್ತದೆ. ಆದ್ದರಿಂದ ನ್ಯಾಯದ ಬೆಲೆಯ ಮೊದಲ ಹೆಜ್ಜೆ ಮಾರುವವರಿಗೆ ತಿಳಿದದ್ದನ್ನೆಲ್ಲ ಕೊಳ್ಳುವವರಿಗೆ ತಿಳಿಸುವುದು.

ಹೇಳಿಬಿಟ್ಟರೆ ಸಾಕೇ? ಹೆಚ್ಚು ಕೇಳಿದ ಆ ದೊಡ್ಡಪ್ಪನ ಮಗನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಹೆಚ್ಚು ಕೇಳಿದ್ದ. ಟ್ರಿಗರ್ ಹಗುರವಿದೆ ಎಂಬುದೇ ಅವನಿಗೆ ಇಷ್ಟ. ಊರಿಗೆಲ್ಲ ಗೊತ್ತಿದ್ದ ಇನ್ನೊಂದು ಸಂಗತಿಯೆಂದರೆ, ಅವನಿಗೂ ಅವನ ತಮ್ಮನಿಗೂ ಹೊಲದ ಬಾಂದಿನ ಜಗಳ ನಡೆದಿತ್ತು. ಮಾತು ನಿಂತು ವರ್ಷಗಳಾಗಿದ್ದವು. ಮಾರುವಾಕೆ ಒಪ್ಪಿದ್ದಾಳೆ, ಕೊಳ್ಳುವವನು ಒಪ್ಪಿದ್ದಾನೆ, ಕಾಗದ ಸರಿಯಿದೆ. ಸಂತೆಯ ಲೆಕ್ಕದಲ್ಲಿ ಇದಕ್ಕಿಂತ ನ್ಯಾಯದ ಬೆಲೆ ಇನ್ನಾವುದು? ಆದರೆ ಬೆಲೆ ಎಂಬುದು ಇಬ್ಬರ ನಡುವಿನ ಮಾತು. ಬದನೆಕಾಯಿಗೆ ಇಬ್ಬರು ಸಾಕು, ಬಂಗಾರಕ್ಕೂ ಇಬ್ಬರು ಸಾಕು. ರಿವಾಲ್ವರಿಗೆ ಮೂರನೆಯವರೊಬ್ಬರು ಇರುತ್ತಾರೆ, ನಳಿಕೆಯ ಎದುರಿಗೆ ನಿಲ್ಲಬಹುದಾದವರು. ಬೆಲೆ ಮಾತಾಡುವ ಜಾಗಕ್ಕೆ ಅವರನ್ನು ಯಾರೂ ಕರೆಯುವುದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ‘ಹಿಂಸಾದಾನ’ ಎಂಬ ಒಂದು ದೋಷ ಬರುತ್ತದೆ. ಹಿಂಸೆಗೆ ಸಾಧನವಾಗುವುದನ್ನು ಇನ್ನೊಬ್ಬರಿಗೆ ಕೊಡುವುದು ಎಂದರ್ಥ. ಅಲ್ಲಿಯ ಪಟ್ಟಿಯಲ್ಲಿ ಕತ್ತಿ, ಕೊಡಲಿ, ಬೆಂಕಿ, ಸರಪಳಿಯ ಜೊತೆಗೆ ಗುದ್ದಲಿಯೂ ಇದೆ. ರೈತರ ಊರಿನಲ್ಲಿ ಗುದ್ದಲಿ ಕೊಡುವುದೂ ದೋಷವೇ ಎಂದು ಮೊದಲು ಆಶ್ಚರ್ಯವಾಗುತ್ತದೆ. ಆದರೆ ಇದು ಬರುವುದು ‘ಅನರ್ಥದಂಡ’ದ ಭಾಗದಲ್ಲಿ. ಯಾವ ಒಳ್ಳೆಯ ಪ್ರಯೋಜನವೂ ಇಲ್ಲದೆ ಮಾಡುವ ಕೇಡಿಗೆ ಆ ಹೆಸರು. ಹೊಲ ಅಗೆಯುವವನಿಗೆ ಗುದ್ದಲಿ ಕೊಟ್ಟರೆ ಅದು ಸಹಾಯ. ಬಾಂದಿನ ಮೇಲೆ ಹಲ್ಲು ಕಡಿಯುತ್ತ ನಿಂತವನ ಕೈಗೆ ಅದೇ ಗುದ್ದಲಿ ಕೊಟ್ಟರೆ? ವಸ್ತು ಒಂದೇ, ಕೈ ಬೇರೆ. ನನಗೆ ಹೊಳೆದದ್ದು ಇಷ್ಟು: ದಾನವಾಗಿ ಕೊಟ್ಟರೆ ದೋಷವಾಗುವುದು ದುಡ್ಡು ತೆಗೆದುಕೊಂಡು ಕೊಟ್ಟ ಮಾತ್ರಕ್ಕೆ ಶುದ್ಧವಾಗುವುದಿಲ್ಲ.

ಹಾಗಾದರೆ ಆಯುಧವೇ ಕೆಟ್ಟದ್ದು ಎನ್ನುತ್ತೀರಾ ಎಂದು ನೀವು ಕೇಳಬಹುದು. ಅಷ್ಟು ಸುಲಭವಾಗಿ ಹೇಳಲಾರೆ. ಮುಧೋಳದ ಹತ್ತಿರದ ಹಲಗಲಿಯ ಬೇಡರು 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿರೆಂದಾಗ ಒಪ್ಪಿಸದೆ ಹೋರಾಡಿದರು, ನೇಣಿಗೇರಿದರು. ಅವರ ಲಾವಣಿಯನ್ನು ನಾವು ಶಾಲೆಯಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತೇವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಇನ್ನು ದೆಹಲಿಯ ಆ ಘೋರ ಪ್ರಕರಣದ ಮರುವರ್ಷ ಕಳೆದು, 2014ರಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆಯವರು ಹೆಂಗಸರಿಗೆಂದೇ ‘ನಿರ್ಭೀಕ್’ ಎಂಬ ಸುಮಾರು ಅರ್ಧ ಕಿಲೋ ತೂಕದ ರಿವಾಲ್ವರ್ ತಂದರು. ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಭಯವಿಲ್ಲದೆ ಓಡಾಡುವುದಕ್ಕೆ ಅಷ್ಟು ದುಡ್ಡು ಬೇಕೆಂದಾದರೆ ಹೊಲದ ಕೂಲಿಗೆ ಹೋಗುವ ಹೆಣ್ಣುಮಗಳು ಭಯದಲ್ಲಿಯೇ ಇರಬೇಕಾಗುತ್ತದಲ್ಲ ಎಂದು ಆಗ ನನಗನ್ನಿಸಿತ್ತು. ಆದರೂ ಒಂಟಿ ಮನೆಯಲ್ಲಿ ರಾತ್ರಿ ನಾಯಿ ಬೊಗಳಿದಾಗ ಎದ್ದು ಕೂಡುವವರ ಭಯವನ್ನು ಊರ ನಡುವೆ ಮಲಗುವ ನಾನು ಹಗುರವಾಗಿ ಕಾಣಬಾರದು.

ಬೆಲೆಗೂ ಬಂದೂಕಿಗೂ ಇರುವ ನಂಟನ್ನು ನಮ್ಮ ಭಾಗ ಇನ್ನೊಂದು ರೀತಿಯಲ್ಲಿಯೂ ಕಂಡಿದೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳುತನದಲ್ಲಿ ಹೆದ್ದಾರಿಯಲ್ಲಿ ಕುಳಿತರು. ಅವರು ಕೇಳಿದ್ದು ಬೆಳೆಗೆ ನ್ಯಾಯವಾದ ಬೆಲೆಯನ್ನು. ಆ ಏಪ್ರಿಲ್ ತಿಂಗಳಲ್ಲಿ ಪೊಲೀಸರ ಗೋಲಿಬಾರಿನಲ್ಲಿ ರೈತರು ಸತ್ತರು. ಗುಂಡು ಹಾರಿಸುವವರೂ ಆಜ್ಞೆ ಕೊಡುವವರೂ ಕಾಗದಪತ್ರದ ಪ್ರಕಾರ ಅರ್ಹರೇ ಆಗಿರುತ್ತಾರೆ. ಪರವಾನಗಿ ಎಂಬುದು ಕೈಗೆ ಸಿಗುವ ಅಧಿಕಾರ, ಮನಸ್ಸಿಗೆ ಸಿಗುವ ಹದವಲ್ಲ.

ಆ ತಾಯಿಗೆ ನಾನು ಹೇಳಿದ್ದು ಹೀಗೆ: “ಯವ್ವಾ, ಹಿಡಿಕಿ ಹೊಳಪಿನ ರೊಕ್ಕಾ ಮರೀರಿ. ಸ್ಪ್ರಿಂಗ್ ಬದಲಿ ಮಾಡಿದ್ದನ್ನ ವ್ಯಾಪಾರಿಗೆ ಮೊದಲ ಹೇಳ್ರಿ. ಮೊದಲಿನಂಗ ಮಾಡಾಕ ಬರೂ ಖರ್ಚು ಬೆಲಿಯೊಳಗ ಕಳೀರಿ. ಉಳಿದದ್ದು ಅದರ ಬೆಲಿ. ಯಾರಾದರೂ ಅದಕ್ಕಿಂತ ಹೆಚ್ಚು ಕೊಡ್ತೀನಿ ಅಂದರ, ಆ ಹೆಚ್ಚಿನ ರೊಕ್ಕಾ ಯಾತಕ್ಕ ಅಂತ ಕೇಳ್ರಿ.” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಯಾತಕ್ಕ ಅಂತ ನನಗೂ ಗೊತ್ತೈತ್ರಿ ಬಾಯಾರ. ನಿಮ್ಮ ಬಾಯಿಂದ ಕೇಳಬೇಕಾಗಿತ್ತು” ಎಂದರು. ಕಮ್ಮಿ ಕೇಳಿದ ವ್ಯಾಪಾರಿಗೇ ಕೊಟ್ಟರು.

ಆ ವ್ಯಾಪಾರಿ ಕೊಟ್ಟದ್ದು ಪೂರ್ತಿ ನ್ಯಾಯವಾಗಿತ್ತೇ? ಹಾಗೆಂದು ಹೇಳಲಾರೆ. ಅವಧಿ ಮೀರಿದರೆ ಸರ್ಕಾರದ ಪಾಲಾಗುತ್ತದೆ ಎಂಬುದು ಅವರಿಗೂ ತಿಳಿದಿತ್ತು. ಗಂಡ ಸತ್ತ ಹೆಣ್ಣುಮಗಳಿಗೆ ಆತುರವಿರುತ್ತದೆ ಎಂಬುದೂ ತಿಳಿದಿತ್ತು. ಆತುರದವರ ಹತ್ತಿರ ಕಮ್ಮಿಗೆ ಕೊಳ್ಳುವುದು ಸುಳ್ಳು ತೂಕಕ್ಕೆ ಹತ್ತಿರದ ಸಂಬಂಧಿ. ಅದರ ಬಗ್ಗೆ ಕಾಯಿದೆ ಏನೂ ಹೇಳುವುದಿಲ್ಲ.

ನನ್ನನ್ನು ಇವತ್ತಿಗೂ ಕಾಡುವ ಪ್ರಶ್ನೆ ಬೇರೆ. ಆ 40 ಸಾವಿರ ಯಾರು ಕೊಟ್ಟ ಹಾಗಾಯಿತು? ಬಾಂದಿನ ಜಗಳ ಮಾಡಿದ ಅಣ್ಣತಮ್ಮಂದಿರಲ್ಲ, ಅವರನ್ನು ಕೂಡಿಸಿ ಬುದ್ಧಿ ಹೇಳದ ಊರಿನ ಹಿರಿಯರಲ್ಲ, ಬಾಯಿಮಾತು ಹೇಳಿ ಎದ್ದುಬಂದ ನಾನೂ ಅಲ್ಲ. ಊರಿನ ಶಾಂತಿಯ ಬೆಲೆಯನ್ನು ಆಕೆ ಒಬ್ಬಳೇ ಕಟ್ಟಿದಳು, ಮಗಳ ಫೀ ಹಣದಲ್ಲಿ ಕಟ್ಟಿದಳು. ಒಳ್ಳೆಯತನದ ಖರ್ಚನ್ನು ನಮ್ಮ ಸಮಾಜ ಯಾವಾಗಲೂ ಕೈಯಲ್ಲಿ ಹಣವಿಲ್ಲದವರಿಂದಲೇ ವಸೂಲು ಮಾಡುತ್ತದೆ, ಅದರಲ್ಲೂ ಹೆಂಗಸರಿಂದ.

ಇಂಥದ್ದಕ್ಕೆ ರಸೀದಿಯೂ ಇರುವುದಿಲ್ಲ. ಆ ತಮ್ಮ ಈಗಲೂ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಾನೆ. ಅಣ್ಣನ ಕೈಗೆ ಆ ರಿವಾಲ್ವರ್ ಹೋಗಿದ್ದರೂ ಅವನು ಹೀಗೆಯೇ ಹೋಗುತ್ತಿದ್ದನೋ ಏನೋ, ಯಾರು ಹೇಳಬೇಕು? ನಡೆಯದೆ ಹೋದದ್ದಕ್ಕೆ ಸಾಕ್ಷಿ ಸಿಗುವುದಿಲ್ಲ. ಹೀಗಿದ್ದೂ ಮುಂದೆ ಯಾರಾದರೂ ಇಂಥದೇ ವಸ್ತುವಿನ ಬೆಲೆ ಕೇಳಿದರೆ ನಾನು ಮೊದಲು ಲೆಕ್ಕಕ್ಕೆ ಹಿಡಿಯುವುದು ಆ ಮೂರನೆಯವರನ್ನೇ. ಅವರ ಪಾಲು ಕಳೆದು ಉಳಿದದ್ದರ ಮೇಲೆ ಕೊಡುವವರೂ ಕೊಳ್ಳುವವರೂ ಚೌಕಾಶಿ ಮಾಡಿಕೊಳ್ಳಲಿ.