ಹೊಟ್ಟೆ ತುಂಬಿದರೆ ಸಾಕೇ?

*ಇಂದಿನ ಧಮ್ಮ ಚಿಂತನೆ*



ಎಲ್ಲ ಜೀವಿಗಳಿಗೂ ದಯೆ ತೋರಿ ಕಾಪಾಡುತ್ತೇನೆ ಎಂಬುದು ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು. ಬೋನಿನಲ್ಲಿಟ್ಟ ಪ್ರಾಣಿಯನ್ನು ಕಾಪಾಡುವುದು ಎಂದರೇನು? ಹೊತ್ತಿಗೆ ಆಹಾರ, ಕಾಯಿಲೆಗೆ ಔಷಧಿ. ಅಷ್ಟು ಸಾಕೇ?

1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ರೀಸಸ್ ಕೋತಿಮರಿಗಳನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರ್ಪಡಿಸಿದರು. ಬೋನಿನಲ್ಲಿ ಎರಡು ಬೊಂಬೆ ತಾಯಂದಿರು: ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಹೊದಿಸಿತ್ತು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿದು ಓಡಿಬಂದು ಬಟ್ಟೆಯ ತಾಯಿಗೇ ಅಂಟಿಕೊಂಡವು. ಹಾಲಿಗಾಗಿಯೇ ಮಗು ತಾಯಿಯನ್ನು ಹಚ್ಚಿಕೊಳ್ಳುತ್ತದೆ ಎಂಬ ಆ ಕಾಲದ ಪಂಡಿತರ ಲೆಕ್ಕ ತಪ್ಪಾಯಿತು. (ನಮ್ಮ ಅವ್ವಂದಿರನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು.)

ಬಟ್ಟೆಯ ತಾಯಿಯೂ ಸಾಲಲಿಲ್ಲ. ಹಾಗೆ ಒಂಟಿಯಾಗಿ ಬೆಳೆದವು ಮೂಲೆಯಲ್ಲಿ ಕೂತು ಮೈ ತೂಗುತ್ತಿದ್ದವು, ತಮ್ಮನ್ನೇ ಕಚ್ಚಿಕೊಳ್ಳುತ್ತಿದ್ದವು. ಹೆಣ್ಣುಗಳಲ್ಲಿ ಹಲವು ತಮ್ಮ ಮೊದಲ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಕೆಲವು ಹಿಂಸಿಸಿದವು, ಕೊಂದದ್ದೂ ಉಂಟು. ಹಾಲಿಗೇನೂ ಅಲ್ಲಿ ಕೊರತೆ ಇರಲಿಲ್ಲ.

"ಹೊಟ್ಟೆಗೆ ಹಾಕ್ತಿಲ್ವಾ, ಇನ್ನೇನು ಬೇಕು?" ಜೀತಕ್ಕಿಟ್ಟುಕೊಂಡವರ ಈ ಮಾತು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಮನುಷ್ಯರನ್ನು ಪ್ರಾಣಿಗೆ ಹೋಲಿಸುತ್ತಿಲ್ಲ, ಆ ಹೋಲಿಕೆ ಕೇಳಿ ನಮಗೆ ಸಾಕಾಗಿದೆ. ಒಡೆಯನ ಲೆಕ್ಕ ಎರಡೂ ಕಡೆ ಒಂದೇ ಎನ್ನುತ್ತಿದ್ದೇನೆ: ಉಸಿರಾಡುತ್ತಿದ್ದರೆ ಸಾಕು, ನನ್ನ ಕೆಲಸ ಮುಗಿಯಿತು.

ಇದನ್ನು ತಿಳಿಯಲು ಆ ಮರಿಗಳನ್ನು ಅಷ್ಟು ನೋಯಿಸಬೇಕಿತ್ತೇ? ನನ್ನ ಮಟ್ಟಿಗೆ, ಇಲ್ಲ. ಆದರೆ ಇಂದು ಮೃಗಾಲಯದಲ್ಲಾಗಲಿ ಪ್ರಯೋಗಾಲಯದಲ್ಲಾಗಲಿ ಎಳೆ ಮರಿಯನ್ನು ಸುಮ್ಮನೆ ತಾಯಿಯಿಂದ ಕೀಳುವವರು 'ಗೊತ್ತಿರಲಿಲ್ಲ' ಎನ್ನುವಂತಿಲ್ಲ.

ತಾಯಿ ಇಲ್ಲವಾದರೆ? ಆಸರೆ ಹೆತ್ತವಳದ್ದೇ ಆಗಬೇಕೆಂದಿಲ್ಲ. ಸಿದ್ಧಾರ್ಥ ಏಳು ದಿನದ ಕೂಸಾಗಿದ್ದಾಗ ಮಹಾಮಾಯೆ ತೀರಿಕೊಂಡರು; ಮಡಿಲು ಕೊಟ್ಟವರು ಚಿಕ್ಕಮ್ಮ ಮಹಾಪ್ರಜಾಪತಿ. ತಾಯಿ ಭೀಮಾಬಾಯಿಯನ್ನು ಕಳೆದುಕೊಂಡ ಬಾಲಕ ಭೀಮನಿಗೆ ಸೋದರತ್ತೆ ಮೀರಾಬಾಯಿ ಇದ್ದರು.

ಹಾರ್ಲೋ ಅವರ ಪ್ರಯೋಗಾಲಯದಲ್ಲೇ 1970ರ ದಶಕದ ಆರಂಭದಲ್ಲಿ ಮತ್ತೊಂದು ಸಂಗತಿ ಕಂಡಿತು. ಹುಟ್ಟಿದಾಗಿನಿಂದ ಆರು ತಿಂಗಳು ಒಂಟಿಯಾಗಿಟ್ಟ ಕೋತಿಗಳ ಜೊತೆಗೆ, ಚೆನ್ನಾಗಿ ಬೆಳೆದ ಮೂರು ತಿಂಗಳ ಮರಿಗಳನ್ನು ಬಿಟ್ಟರು. ದೊಡ್ಡವು ಹೆದರಿ ಮೂಲೆ ಸೇರಿದವು. ಚಿಕ್ಕವು ಅಲ್ಲಿಗೇ ಹೋಗಿ ತಬ್ಬಿಕೊಂಡವು. ಕೆಲವೇ ತಿಂಗಳಲ್ಲಿ ಎರಡೂ ಕೂಡಿ ಆಡತೊಡಗಿದವು.